ಮೂವತ್ತೆರಡನೆಯ ಒಲೆ

ಬೊನ್ವಾಲೋ ಮನೆಯ ಜಗಳ ಬಾಯಿಗೆ ಬಂದದ್ದು ಉಪ್ಪಿನಿಂದ. ೧೯೭೩ರ ಅಕ್ಟೋಬರ್ ಕೊನೆಯ ವಾರ. ಮಧ್ಯಾಹ್ನ ಹನ್ನೆರಡರ ಗಂಟೆ ಆಗಷ್ಟೇ ಹೊಡೆದಿತ್ತು. ಮನೆಯ ಸೊಸೆ ಸೊಲಾಂಜ್ ಬೇಳೆಗೆ ಸಾಸೇಜ್ ಸೇರಿಸಿ ಬೇಯಿಸಿ, ಉಪ್ಪು ಹಾಕಿ, ಪಾತ್ರೆಯನ್ನು ಒಲೆಯ ಅಂಚಿಗೆ ಸರಿಸಿ, ಬ್ರೆಡ್ ತರಲು ಹೋಗಿದ್ದಳು. ಅವಳು ಬಾಗಿಲು ದಾಟಿದ್ದೇ ತಡ, ಜೆಲೀ ಅಜ್ಜಿ ಎದ್ದು ಮುಚ್ಚಳ ತೆಗೆದು, ಮೂರು ಬೆರಳಲ್ಲಿ ಹಿಡಿಯುವಷ್ಟು ಉಪ್ಪು ಹಾಕಿ, ಕಲಕಿ, ಮತ್ತೆ ಬಂದು ಕೂತರು. ಸೊಲಾಂಜ್ ಅದನ್ನು ಕಿಟಕಿಯಾಚೆಯಿಂದ ನೋಡಿದ್ದಳು.

"ಅಜ್ಜಿ, ನಾನು ಉಪ್ಪು ಹಾಕಿದ್ದೆ" ಎಂದಳು ಒಳಗೆ ಬಂದು.

"ಹಾಕಿರ್ತೀಯ. ಸಾಕಾಗಿರಲ್ಲ."

"ರುಚಿ ನೋಡಿದ್ರಾ?"

"ಐವತ್ನಾಲ್ಕು ವರ್ಷದಿಂದ ಈ ಪಾತ್ರೆ ನೋಡ್ತಿದೀನಿ. ಇನ್ನು ರುಚಿ ಬೇರೆ ನೋಡ್ಬೇಕಾ?"

ಬೇಳೆ ಬಾಯಿಗಿಡಲು ಆಗುತ್ತಿರಲಿಲ್ಲ. ಅಜ್ಜಿಯ ಮಗ ಗಾಸ್ತೋನ್ ತಟ್ಟೆ ಖಾಲಿ ಮಾಡಿ, ಮೂರು ಲೋಟ ನೀರು ಕುಡಿದು, ಹಸುಗಳ ಕಡೆ ಹೋದರು. ಮೊಮ್ಮಗ ರೇಜಿಸ್ ಅರ್ಧ ತಿಂದು ಹೆಂಡತಿಯ ಮುಖ ನೋಡಿದ. ಸೊಲಾಂಜ್ ತಟ್ಟೆ ಮುಟ್ಟಲಿಲ್ಲ. ಮೇಲಿನ ಕೋಣೆಯಲ್ಲಿ ಒಂದು ಒಲೆ ಹೂಡಿಸಿ, ನಮ್ಮ ಅಡುಗೆ ನಾವು ಮಾಡಿಕೊಳ್ಳುತ್ತೇವೆ ಎಂದು ಅವಳು ಅಂದದ್ದು ಆಗಲೇ. ಕೂಗಿ ಹೇಳಲಿಲ್ಲ. ಹಾಲಿನ ಕ್ಯಾನು ಎಲ್ಲಿಡಲಿ ಎಂದು ಕೇಳುವ ದನಿಯಲ್ಲೇ ಹೇಳಿದಳು.

"ಈ ಮನೇಗೆ ಒಂದೇ ಒಲೆ" ಎಂದರು ಅಜ್ಜಿ. "ನಾನಿರೋವರೆಗೂ ಒಂದೇ."

ಐದು ವರ್ಷದಿಂದ ನನ್ನ ಮಧ್ಯಾಹ್ನದ ಊಟ ಅದೇ ಮೇಜಿನಲ್ಲಿ. ವೆರ್ನೂಜ್ ಶಾಲೆಗೆ ನಾನೊಬ್ಬಳೇ ಟೀಚರು, ಹದಿನಾಲ್ಕು ಮಕ್ಕಳು. ಅಷ್ಟು ಚಿಕ್ಕ ಊರಾದ್ದರಿಂದ ಪಂಚಾಯಿತಿ ಕಚೇರಿಯ ಬರವಣಿಗೆಯೂ ನನ್ನದೇ. ಮುಂದೆ ನಡೆದದ್ದನ್ನೆಲ್ಲ ಅರ್ಧ ಆ ಮೇಜಿನಲ್ಲಿ ಕೂತು ನೋಡಿದ್ದೇನೆ, ಅರ್ಧ ನನ್ನ ಕೈಯಾರೆ ದಾಖಲೆಗೆ ಬರೆದಿದ್ದೇನೆ.

ಸೊಲಾಂಜ್ ವೆಜೂಲ್ ಪಟ್ಟಣದ ಹುಡುಗಿ. ಮದುವೆಯಾಗಿ ಬಂದು ಎರಡೂವರೆ ವರ್ಷ. ಬೆಳಿಗ್ಗೆ ಐದಕ್ಕೆ ಎದ್ದು ಊರಿನ ಸಹಕಾರಿ ಡೈರಿಗೆ ಹೋಗಿ, ಚೀಸ್ ಅಚ್ಚುಗಳನ್ನು ತೊಳೆದು, ಹತ್ತಕ್ಕೆ ಬಂದು ಅಡುಗೆಗೆ ನಿಲ್ಲುತ್ತಿದ್ದಳು. ಅಡುಗೆ ಅವಳದು, ಆದರೆ ಅಡುಗೆಮನೆ ಅಜ್ಜಿಯದು. ಗಾಸ್ತೋನ್ ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅದಕ್ಕೆ ಮೊದಲೂ ಆಮೇಲೂ ಆ ಒಲೆಯ ಮುಂದಿನ ಕುರ್ಚಿ ಜೆಲೀ ಅಜ್ಜಿಯದೇ. ವಾರದಲ್ಲಿ ಐದು ಸಂಜೆ ಹುರಿದ ಮುಸುಕಿನ ಜೋಳದ ಹಿಟ್ಟಿನ ಗಂಜಿ. ಉಳಿದೆರಡು ಸಂಜೆ ಆಲೂಗಡ್ಡೆ. ಸೊಲಾಂಜ್ ಒಮ್ಮೆ ಟೊಮೇಟೊ ಹಾಕಿ ಸೇವಿಗೆ ಮಾಡಿದಾಗ ಅಜ್ಜಿ ಒಂದು ಎಳೆಯನ್ನು ಫೋರ್ಕಿನಲ್ಲಿ ಎತ್ತಿ ಹಿಡಿದು, ಇದನ್ನು ತಿನ್ನೋದಾ ಅಥವಾ ಹೊಲಿಗೆಗೆ ಇಟ್ಟುಕೊಳ್ಳೋದಾ ಎಂದು ಕೇಳಿದ್ದರು.

ಗಂಡಹೆಂಡತಿಗೆ ಮಹಡಿಯ ಮೇಲೆ ಎರಡು ಕೋಣೆ. ಅಲ್ಲಿ ಸೀಮೆಎಣ್ಣೆಯ ಸಣ್ಣ ಹೀಟರ್ ಇತ್ತು. ಆ ವರ್ಷ ಅರಬ್ ದೇಶಗಳ ಯುದ್ಧ ಶುರುವಾಗಿ ಎಣ್ಣೆಯ ಬೆಲೆ ವಾರ ವಾರವೂ ಏರುತ್ತಿತ್ತು. ಎಣ್ಣೆ ಗಾಡಿಯವನು ಬಂದು, ಕೇಳಿದ್ದರಲ್ಲಿ ಅರ್ಧ ಕೊಟ್ಟು, ಮುಂದಿನ ಸಲ ಇಷ್ಟೂ ಸಿಗುತ್ತದೆಂದು ಹೇಳಲಾರೆ ಎಂದು ಹೋದ. ಎಣ್ಣೆ ಇಲ್ಲದಿದ್ದರೆ ಸೌದೆ. ಸೌದೆಯೂ ಇಲ್ಲದಿದ್ದರೆ ನವೆಂಬರಿನಿಂದ ಏಪ್ರಿಲ್‌ವರೆಗೆ ಅವರು ಮೇಲೆ ಮಲಗಬಹುದಷ್ಟೇ, ಬದುಕೆಲ್ಲ ಕೆಳಗೆ, ಅಜ್ಜಿಯ ಒಲೆಯ ಸುತ್ತ.

ನಮ್ಮ ಊರಿನ ಸೌದೆಯ ಕಥೆ ಹೀಗೆ. ಊರ ಹಿಂದಿನ ಕಾಡು ಒಂದು ಕಾಲಕ್ಕೆ ಕ್ರೈಸ್ತ ಸನ್ಯಾಸಿಗಳ ಮಠದ್ದು. ೧೬೧೨ರಲ್ಲಿ ಮಠದವರು ಬರೆದುಕೊಟ್ಟ ಕಾಗದದ ಪ್ರಕಾರ ಊರಿನ ಪ್ರತಿ ಒಲೆಗೂ ವರ್ಷಕ್ಕೊಂದು ಪಾಲು ಸೌದೆ. ತಲೆಗಲ್ಲ, ಜಮೀನಿಗಲ್ಲ, ಮನೆಗೂ ಅಲ್ಲ, ಒಲೆಗೆ. ಮಠ ಹೋಯಿತು, ರಾಜರು ಹೋದರು, ಕಾಡು ಪಂಚಾಯಿತಿಯದಾಯಿತು. ಆದರೂ ಪಾಲು ಹಾಗೇ ಉಳಿಯಿತು. ಪ್ರತಿ ಶರತ್ಕಾಲ ಒಲೆಗಳ ಪಟ್ಟಿ ಹೊಸದಾಗಿ ಬರೆಯಬೇಕು. ಡಿಸೆಂಬರ್ ಮೊದಲ ಭಾನುವಾರ ಚೀಟಿ ಎತ್ತಬೇಕು. ಬಂದ ನಂಬರಿನ ತುಂಡು ಕಾಡಿನಲ್ಲಿ ತಾವೇ ಕಡಿದು, ಸೀಳಿ, ಒಂದು ಮೀಟರ್ ಉದ್ದ ಅಗಲ ಎತ್ತರಕ್ಕೆ ಅಟ್ಟಿ ಕಟ್ಟಿ, ಮನೆಗೆ ಸಾಗಿಸಬೇಕು. ಹಳೆಯ ಪಟ್ಟಿಗಳೆಲ್ಲ ಕಚೇರಿಯ ಬೀರುವಿನಲ್ಲಿವೆ. ಊರಿನ ಚರಿತ್ರೆ ಬೇಕಾದವರು ಬೇರೇನೂ ಓದಬೇಕಿಲ್ಲ. ೧೬೪೪ರಲ್ಲಿ, ಯುದ್ಧ ಮತ್ತು ಪ್ಲೇಗ್ ಮುಗಿದ ಮೇಲೆ, ಏಳು ಒಲೆ. ೧೮೪೬ರಲ್ಲಿ ನೂರಹದಿನೆಂಟು. ಆಮೇಲೆ ದ್ರಾಕ್ಷಿ ಬಳ್ಳಿಗಳಿಗೆ ರೋಗ, ಕಾರ್ಖಾನೆಗಳ ಸೆಳೆತ, ಎರಡು ಮಹಾಯುದ್ಧ. ಒಂದೊಂದೇ ಹೆಸರಿನ ಮೇಲೆ ಅಡ್ಡಗೆರೆ. ಆ ವರ್ಷ ಉಳಿದಿದ್ದವು ಮೂವತ್ತೊಂದು. ಹೊಸ ಒಲೆಯೊಂದು ಪಟ್ಟಿಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು.

ಹೊಸ ಒಲೆ ಸೇರಬೇಕಾದರೆ ನಿಯಮ ಕಟ್ಟುನಿಟ್ಟು, ಯಾಕೆಂದರೆ ಒಂದು ಪಾಲು ಹೆಚ್ಚಾದರೆ ಉಳಿದವರದು ಅಷ್ಟಷ್ಟು ಕಡಿಮೆ. ನವೆಂಬರಿನಲ್ಲಿ ಒಂದು ಮಧ್ಯಾಹ್ನ, ಕಾಡಿನ ಕಡಿತಕ್ಕೆ ಹೊಣೆ ನಿಲ್ಲಲು ಊರಿನವರೇ ಆರಿಸಿದ ಮೂವರು ಜಾಮೀನುದಾರರು ಮನೆಗೆ ಬರುತ್ತಾರೆ. ಒಲೆಯಲ್ಲಿ ಬೆಂಕಿ, ಬೆಂಕಿಯ ಮೇಲೆ ಪಾತ್ರೆ ಇರಬೇಕು. ಒಂದೇ ಸೂರಿನ ಕೆಳಗೆ ಎರಡು ಒಲೆಯಾದರೆ, ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳುತ್ತಾರೆ: ಇವರು ಯಾರ ಪಾತ್ರೆಯಿಂದ ಉಣ್ಣುತ್ತಾರೆ? ಹಿರಿಯರ ಮಾತೇ ಕೊನೆ.

ಹಾಗಾಗಿ ಎಲ್ಲವೂ ಜೆಲೀ ಅಜ್ಜಿಯ ನಾಲಗೆಯ ಮೇಲೆ ನಿಂತಿತ್ತು.

ಅರ್ಜಿ ಬರೆಸಲು ಸೊಲಾಂಜ್ ನವೆಂಬರ್ ಎರಡನೆಯ ತಾರೀಖು ಕಚೇರಿಗೆ ಬಂದಳು. ರೇಜಿಸ್ ಬಾಗಿಲಲ್ಲೇ ನಿಂತು ಟೋಪಿ ತಿರುವುತ್ತಿದ್ದ. ಅಜ್ಜಿ ಒಪ್ಪಿದರಾ ಎಂದು ಕೇಳಿದೆ. ಅವರು ಅದನ್ನು ಹೇಳಬೇಕಾದ್ದು ಜಾಮೀನುದಾರರಿಗೆ, ನನಗಲ್ಲವಲ್ಲ ಎಂದಳು ಸೊಲಾಂಜ್. ನಾನು ಬರೆದುಕೊಂಡೆ. ತಪಾಸಣೆ ಹದಿನಾರನೆಯ ತಾರೀಖು ಶುಕ್ರವಾರ ಎಂದು ನಿಗದಿಯಾಯಿತು.

ಮೇಲಿನ ಕೆಲಸಕ್ಕೆ ಎರಡು ವಾರ ಸಿಕ್ಕಿತು. ಊರಾಚೆ ಬೀಗ ಬಿದ್ದ ಮನೆಯೊಂದರ ವಾರಸುದಾರರಿಂದ ರೇಜಿಸ್ ಒಂದು ಎರಕದ ಒಲೆ ತಂದ. ಮೂರು ಕಾಲು ನೆಟ್ಟಗಿದ್ದವು, ನಾಲ್ಕನೆಯದಕ್ಕೆ ಇಟ್ಟಿಗೆ. ಅದನ್ನು ಕಡಿದಾದ ಮೆಟ್ಟಿಲಲ್ಲಿ ಹತ್ತಿಸಲು ಅವನೊಬ್ಬನಿಗೆ ಆಗಲಿಲ್ಲ. ಗಾಸ್ತೋನ್ ಕೊಟ್ಟಿಗೆಯಿಂದ ಬಂದರು, ಕೈ ಒರೆಸಿಕೊಂಡು ಕೆಳಗಿನ ತುದಿ ಹಿಡಿದರು.

"ನೀನೂ ಅವರ ಕಡೆ ಸೇರ್ಕೊಂಡ್ಯಾ?" ಎಂದರು ಅಜ್ಜಿ ಕುರ್ಚಿಯಿಂದಲೇ.

"ಕಡೆ ಏನಮ್ಮ ಬಂತು. ಭಾರ ಇದೆ, ಹಿಡ್ಕೊಂಡೆ."

ಅಂದಿನಿಂದ ಅಜ್ಜಿ ಸೊಲಾಂಜ್ ಜೊತೆ ನೇರ ಮಾತು ಬಿಟ್ಟರು. ಅದೇ ವಾರ ಹಂದಿ ಕಡಿಯುವುದಿತ್ತು. ವರ್ಷದ ಮಾಂಸವೆಲ್ಲ ಎರಡೇ ದಿನದಲ್ಲಿ ಉಪ್ಪಿಗೆ, ಹೊಗೆಗೆ, ಸಾಸೇಜ್ ತುಂಬುವ ಕರುಳಿಗೆ ಸೇರಬೇಕಾದ ಕೆಲಸ. ಮಾತು ಬಿಟ್ಟವರೂ ಒಂದೇ ಮೇಜಿನ ಎರಡು ಬದಿಗೆ ನಿಲ್ಲಲೇಬೇಕು. ನಾನು ಸಂಜೆ ಪಾಠ ಮುಗಿಸಿ ಈರುಳ್ಳಿ ಸುಲಿಯಲು ಹೋದೆ.

"ಗಾಸ್ತೋನ್, ಆ ಹುಡುಗಿಗೆ ಹೇಳು, ಈರುಳ್ಳಿ ಇನ್ನೂ ಸಣ್ಣಗೆ ಹೆಚ್ಬೇಕು ಅಂತ."

"ಮಾವ, ಅಜ್ಜಿಗೆ ಹೇಳಿ, ಚಾಕು ಮೊಂಡು ಅಂತ."

"ಅವಳಿಗೆ ಹೇಳು, ಇದೇ ಚಾಕೂಲಿ ನಾನು ನಿನ್ನನ್ನ ಸಾಕಿದೀನಿ ಅಂತ."

"ಇಬ್ಬರೂ ಕೇಳಿ" ಎಂದರು ಗಾಸ್ತೋನ್, ಮೊಣಕೈವರೆಗೆ ರಕ್ತದ ಬಕೆಟ್ಟಿನಲ್ಲಿ ಕೈಯಿಟ್ಟು ಕಲಕುತ್ತ. "ನಾನು ಕಲಕೋದು ನಿಲ್ಲಿಸಿದ್ರೆ ಇದು ಹೆಪ್ಪುಗಟ್ಟುತ್ತೆ. ಟಪಾಲಿನ ಕೆಲಸ ಟೀಚರಮ್ಮಂಗೆ ಕೊಡಿ, ಅವರಿಗೆ ಬರೆದು ಅಭ್ಯಾಸ."

ಸೊಲಾಂಜ್ ನಕ್ಕಳು. ಅಜ್ಜಿ ನಗಲಿಲ್ಲ, ಆದರೆ ತಲೆ ತಗ್ಗಿಸಿ ಸಾಣೆಕಲ್ಲನ್ನು ಮೇಜಿನ ಆಚೆ ಬದಿಗೆ ತಳ್ಳಿದರು.

ಕಚೇರಿಯಲ್ಲಿ ನಾನು ಇನ್ನೊಂದು ಕೆಲಸಕ್ಕೆ ಕೂತಿದ್ದೆ. ಒಂದೇ ಸೂರಿನ ಕೆಳಗೆ ಎರಡು ಒಲೆ ಎಂಬ ಅರ್ಜಿಯನ್ನು ನಾನು ಹಿಂದೆ ಬರೆದವಳಲ್ಲ. ಅದನ್ನು ಪುಸ್ತಕಕ್ಕೆ ಹೇಗೆ ಏರಿಸುವುದೆಂದು ತಿಳಿಯಲು ಹಳೆಯ ನಡವಳಿ ಪುಸ್ತಕಗಳನ್ನು ತೆಗೆದೆ. ಒಂದೊಂದು ವರ್ಷ ಹಿಂದಕ್ಕೆ ಹೋಗುತ್ತ ೧೯೨೧ಕ್ಕೆ ಬಂದಾಗ ಒಂದು ಹೆಸರು ಸಿಕ್ಕಿತು. ವಿಧವೆ ಜೆಲೀ ಬೊನ್ವಾಲೋ, ವಯಸ್ಸು ಇಪ್ಪತ್ನಾಲ್ಕು, ಒಂದು ಮಗು. ಗಂಡ ಯುದ್ಧದ ವಿಷಗಾಳಿ ಕುಡಿದು ಬಂದು ಮನೆಯಲ್ಲಿ ಸತ್ತವನು. ಮನೆಯ ಹಿಂಭಾಗದ ಕೋಣೆಯಲ್ಲಿ ಪ್ರತ್ಯೇಕ ಒಲೆಗಾಗಿ ಅರ್ಜಿ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಜಾಮೀನುದಾರರು ಮನೆಯ ಹಿರಿಯಳನ್ನು, ಅಂದರೆ ಅತ್ತೆಯನ್ನು, ಕೇಳಿದ ಪ್ರಶ್ನೆ ಮತ್ತು ಉತ್ತರ. ಇವಳು ಯಾರ ಪಾತ್ರೆಯಿಂದ ಉಣ್ಣುತ್ತಾಳೆ? ನನ್ನ ಪಾತ್ರೆಯಿಂದ. ಅರ್ಜಿ ವಜಾ.

ಮೂರು ಸಾಲು. ಆ ಅತ್ತೆ ಸತ್ತದ್ದು ೧೯೪೮ರಲ್ಲಿ ಎಂಬುದೂ ನನ್ನ ಬೀರುವಿನಲ್ಲೇ ಇತ್ತು. ಲೆಕ್ಕ ಹಾಕಿದರೆ ಇನ್ನೂ ಇಪ್ಪತ್ತೇಳು ವರ್ಷ.

ಇದನ್ನು ಹೇಳಬೇಕೋ ಬಾರದೋ ಎಂದು ನಾನು ನಾಲ್ಕು ದಿನ ತೂಗಿ ನೋಡಿದೆ. ಐದನೆಯ ದಿನ ಊಟವಾದ ಮೇಲೆ, ಉಳಿದವರು ಎದ್ದು ಹೋಗಿದ್ದಾಗ, ಅಜ್ಜಿ ಅಕ್ರೋಟು ಒಡೆಯುತ್ತಿದ್ದರು. ಹಳೆಯ ಪುಸ್ತಕದಲ್ಲಿ ನಿಮ್ಮ ಹೆಸರು ನೋಡಿದೆ ಎಂದೆ.

ಅವರ ಕೈ ನಿಲ್ಲಲಿಲ್ಲ. "ಯಾವ ಪುಸ್ತಕ?"

"ಇಪ್ಪತ್ತೊಂದರದು. ಬೇಕಾದ್ರೆ ತಂದು ಓದಿ ಹೇಳ್ತೀನಿ."

"ಬೇಡ. ಬಾಯಿಪಾಠ ಇದೆ." ಇನ್ನೆರಡು ಅಕ್ರೋಟು ಒಡೆದರು. "ಆವತ್ತು ನನ್ನ ಒಲೆ ಉರೀತಿತ್ತು, ಟೀಚರಮ್ಮ. ಮೇಲೆ ಪಾತ್ರೇಲಿ ಕೋಸು. ಅವರು ಬಂದು ನೋಡಿದ್ರು. ಆದ್ರೂ ಮುದುಕಿ ಹಂಗಂದ್ಲು. ಅವಳು ಅಂದ್ಮೇಲೆ ಮುಗೀತು. ನಾನೇನು ಸತ್ತೆನಾ? ಅವಳ ಪಾತ್ರೆಯಿಂದಾನೇ ಉಂಡೆ. ಮಗನ್ನ ಬೆಳೆಸ್ದೆ. ಈ ಹುಡುಗಿಗೇನು ಬೇರೆ ಹೊಟ್ಟೆನಾ?"

ನನ್ನ ಉತ್ತರ ಅವರಿಗೆ ಬೇಕಿರಲಿಲ್ಲ. ಸಿಪ್ಪೆಯನ್ನೆಲ್ಲ ಏಪ್ರನ್ನಿನಲ್ಲಿ ಬಾಚಿಕೊಂಡು ಒಲೆಗೆ ಸುರಿದು, ಇವತ್ತು ಚಳಿ ಜಾಸ್ತಿ, ಶಾಲೆ ಮಕ್ಕಳಿಗೆ ಬೇಗ ಬೆಂಕಿ ಮಾಡಿ ಎಂದರು.

ಹದಿನಾರನೆಯ ತಾರೀಖು ಬಂತು. ಆ ದಿನದ ಎಡವಟ್ಟಿಗೆ ನಾನೂ ಸ್ವಲ್ಪ ಕಾರಣ. ನಮ್ಮೂರಿನವರು ಯಾರೂ ಆ ವರ್ಷ ಕಡಿದ ಸೌದೆ ಆ ವರ್ಷ ಸುಡುವುದಿಲ್ಲ. ಎರಡು ಬೇಸಿಗೆ ಗಾಳಿಗೆ ಒಣಗಬೇಕು. ಹಸಿ ಬೀಚ್ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ; ಮಕ್ಕಳಿಗೆ ತೋರಿಸಲು ಒಂದು ತುಂಡನ್ನು ತಿಂಗಳಿಗೊಮ್ಮೆ ತೂಗಿ ಗೋಡೆಯ ಮೇಲೆ ನಕ್ಷೆ ಬರೆದವಳು ನಾನು. ಕೊಟ್ಟಿಗೆಯ ಪಕ್ಕ ಎರಡು ವರ್ಷದ ಒಣ ಸೌದೆ ಸೂರಿನವರೆಗೆ ಪೇರಿಸಿತ್ತು. ಆದರೆ ಅದು ಅಜ್ಜಿಯ ಒಲೆಯ ಪಾಲಿನದು. ಬೇರೆ ಒಲೆ ಬೇಕೆಂದು ಕೇಳಿ ಹಳೆ ಒಲೆಯ ಸೌದೆ ಮುಟ್ಟುವುದಿಲ್ಲ ಎಂದು ಸೊಲಾಂಜ್ ಹಟ ಹಿಡಿದಿದ್ದಳು. ರೇಜಿಸ್ ತಮ್ಮ ಹೊಲದ ಅಂಚಿನಲ್ಲಿದ್ದ ಒಂದು ಬೀಚ್ ಮರ ಉರುಳಿಸಿ ಮಹಡಿಗೆ ಹೊತ್ತ. ನಾನು ಅದನ್ನು ನೋಡಿದ್ದೆ. ಮುಂದಿನ ವರ್ಷಕ್ಕಿರಬೇಕು ಎಂದುಕೊಂಡು ಸುಮ್ಮನಿದ್ದೆ.

ಬೆಳಿಗ್ಗೆ ಒಂಬತ್ತರಿಂದ ಸೊಲಾಂಜ್ ಒಲೆಯ ಮುಂದೆ. ಡೈರಿಗೆ ರಜೆ ಹಾಕಿದ್ದಳು. ಕಾಗದ, ಚಕ್ಕೆ, ಒಣ ಹುಲ್ಲು ಎಲ್ಲ ಉರಿದು ಆರಿದವು. ಮರದ ತುದಿಗಳಿಂದ ನೊರೆ ಬಂತೇ ಹೊರತು ಬೆಂಕಿ ಹಿಡಿಯಲಿಲ್ಲ. ಹತ್ತು ವರ್ಷ ಬಳಸದ ಚಿಮಣಿ ಹೊಗೆಯನ್ನು ವಾಪಸು ಕೋಣೆಗೇ ತಳ್ಳಿತು. ನಾನು ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಹೋದರೆ, ಮೇಲಿನ ಎರಡೂ ಕಿಟಕಿ ತೆರೆದಿದ್ದವು, ಹೊಗೆ ಬೀದಿಗೆ ಬರುತ್ತಿತ್ತು. ರೇಜಿಸ್ ಕೆಮ್ಮುತ್ತ ಹೆಂಡತಿಯನ್ನು ಕೆಳಗೆ ಕರೆತಂದಿದ್ದ. ಅವಳ ಕಣ್ಣು ಕೆಂಪಗೆ ಊದಿ, ಕೆನ್ನೆಯ ಮೇಲೆ ಮಸಿ. ಮೇಲಿನ ಪಾತ್ರೆಯ ಬೇಳೆ ಇನ್ನೂ ಕಲ್ಲಿನ ಹಾಗಿದೆ ಎಂದಳು.

"ಕೂತ್ಕೊಳ್ಳಮ್ಮ" ಎಂದರು ಗಾಸ್ತೋನ್. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಒಂದು ತುತ್ತು ತಿಂದು ಮತ್ತೆ ನೋಡೋಣ."

ಅವಳು ಕೂತಳು. ಗಾಸ್ತೋನ್ ತಾವೇ ಎದ್ದು ಅಜ್ಜಿಯ ಪಾತ್ರೆಯಿಂದ ಅವಳ ತಟ್ಟೆಗೆ ಕೋಸು, ಆಲೂಗಡ್ಡೆ ಹಾಕಿದರು. ಅವಳು ಚಮಚ ಬಾಯಿಗೆ ಎತ್ತಿದ್ದಳು, ಬಾಗಿಲು ತಟ್ಟಿದ ಸದ್ದಾಯಿತು.

ಜಾಮೀನುದಾರರು ಮೂವರೂ ಟೋಪಿ ತೆಗೆದು ಒಳಗೆ ಬಂದರು. ಮುಂದೆ ಅಲ್ಸೀದ್, ಎಪ್ಪತ್ತು ದಾಟಿದವರು, ಗಾಡಿ ಚಕ್ರ ಮಾಡುತ್ತಿದ್ದವರು. ಊರಿನಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಅವರು ಮೇಜನ್ನು ನೋಡಿದರು. ಸೊಲಾಂಜ್ ತಟ್ಟೆ ನೋಡಿದರು. ಅವಳ ಕೈಯಲ್ಲಿನ ಚಮಚ ಅಲ್ಲೇ ನಿಂತಿತ್ತು. ಉಳಿದಿಬ್ಬರು ಮಹಡಿಗೆ ಹೋಗಿ, ಕೆಮ್ಮುತ್ತ ಇಳಿದು, ಒಲೆ ಇದೆ, ಬೆಂಕಿ ಇಲ್ಲ ಎಂದರು.

ರೇಜಿಸ್ ಏನೋ ಹೇಳಲು ಹೋದ. ಅಲ್ಸೀದ್ ಕೈಯೆತ್ತಿ ತಡೆದರು. ನಾನು ಪೆನ್ನು ತೆಗೆದು ಪುಸ್ತಕ ಬಿಡಿಸಿದೆ. ಬರೆಯಬೇಕಾದವಳು ನಾನೇ ತಾನೆ.

"ಜೆಲೀ" ಎಂದರು ಅಲ್ಸೀದ್. "ನೀನೇ ಹಿರಿಯಳು. ಕೇಳ್ಬೇಕಾದ್ದು ಕೇಳ್ತೀನಿ. ಈ ಹುಡುಗಿ ಯಾರ ಪಾತ್ರೆಯಿಂದ ಉಣ್ತಾಳೆ?"

ಅಜ್ಜಿ ಸೊಲಾಂಜ್ ಮುಖ ನೋಡಿದರು. ಆ ಮಸಿ, ಆ ಕಣ್ಣು. ಒಂದು ವಾರದಿಂದ ಅವರು ಅವಳನ್ನು ನೇರವಾಗಿ ನೋಡಿರಲಿಲ್ಲ.

"ಇವತ್ತು ನನ್ನ ಪಾತ್ರೆಯಿಂದ" ಎಂದರು.

ಗಾಸ್ತೋನ್ ಕಣ್ಣು ಮುಚ್ಚಿಕೊಂಡರು.

"ಇವತ್ತು ನಾನು ಊಟಕ್ಕೆ ಕರೆದಿದ್ದೆ" ಎಂದು ಸೇರಿಸಿದರು ಅಜ್ಜಿ.

"ಕರೆದಿದ್ದೆಯಾ?" ಅಲ್ಸೀದ್ ಹುಬ್ಬೇರಿಸಿದರು. "ಮನೆಯವರನ್ನ ಯಾರಾದ್ರೂ ಊಟಕ್ಕೆ ಕರೀತಾರಾ, ಜೆಲೀ?"

"ಮನೆಯವರನ್ನ ಕರೆಯಲ್ಲ. ಪಕ್ಕದ ಒಲೆಯವರನ್ನ ಕರೀತೀವಿ. ಅವರ ಒಲೆ ಹೊಗೆಯಾಡ್ತಿದೆ, ಕರೆದೆ. ನಿನ್ನ ಮನೇಲಿ ಹಂಗೆ ಮಾಡಲ್ವಾ?" ನನ್ನ ಕಡೆ ತಿರುಗಿದರು. "ಬರ್ಕೊಳ್ಳಿ ಟೀಚರಮ್ಮ. ಸರಿಯಾಗಿ ಬರ್ಕೊಳ್ಳಿ. ಜೆಲೀ ಬೊನ್ವಾಲೋ ಕರೆದಿದ್ಲು ಅಂತ."

ಆ ಮನೆಯಲ್ಲಿ ಯಾರು ಯಾರನ್ನು ಕರೆದರು, ಯಾರು ಕರೆಯಲಿಲ್ಲ ಎಂಬುದು ಬೀದಿಯವರೆಗೆ ಹರಡಿದ್ದ ಸುದ್ದಿ. ಅಲ್ಸೀದ್‌ಗೂ ಗೊತ್ತಿತ್ತು. ಅವರು ಟೋಪಿಯನ್ನು ಒಂದು ಸುತ್ತು ತಿರುಗಿಸಿ, ಬೆಂಕಿ ಮಾತ್ರ ಇಲ್ಲವಲ್ಲ, ಅದಕ್ಕೇನು ಬರೆಸಲಿ ಎಂದು ಕೇಳಿದರು.

"ಬೆಂಕಿ ಯಾಕಿಲ್ಲ? ಹಸಿ ಸೌದೆ. ಹೊಸ ಒಲೆಗೆ ಒಣ ಸೌದೆ ಎಲ್ಲಿಂದ ಬರುತ್ತೆ? ಹಳೆ ಒಲೆ ಕೊಡಬೇಕು, ಎರಡು ಚಳಿಗಾಲಕ್ಕೆ. ನಿಮ್ಮಪ್ಪನ ಕಾಲದಲ್ಲಿ ಊರಿಗೆಲ್ಲ ಗೊತ್ತಿತ್ತು. ಹೊಸ ಒಲೆ ಹೂಡಿ ಇಪ್ಪತ್ತು ವರ್ಷ ಆಯ್ತಲ್ಲ, ನೀವೆಲ್ಲ ಮರೆತಿದೀರ. ನಾನು ಮರೆತಿಲ್ಲ. ಕೊಡಲಿಲ್ಲ, ಅಷ್ಟೆ. ತಪ್ಪು ಬರೆಯೋದಾದ್ರೆ ನನ್ನ ಹೆಸರಲ್ಲಿ ಬರೀರಿ."

ಹಾಗೆಂದು ಮಗನ ಕಡೆ ನೋಡಿದರು. ಗಾಸ್ತೋನ್ ಆಗಲೇ ಎದ್ದಿದ್ದರು. ಅವರೂ ರೇಜಿಸ್ಸೂ ಕೊಟ್ಟಿಗೆಯ ಪಕ್ಕದಿಂದ ತೋಳು ತುಂಬ ಸೌದೆ ಹೊತ್ತು ಮೇಲೆ ಹೋದರು. ಅಲ್ಸೀದ್ ಗಡಿಯಾರ ನೋಡಿ, ಮಧ್ಯಾಹ್ನ ಅಂದರೆ ಎರಡು ಗಂಟೆಯವರೆಗೂ ಮಧ್ಯಾಹ್ನವೇ ಎಂದು, ಕೇಳದೆಯೇ ಒಂದು ಕುರ್ಚಿ ಎಳೆದು ಕೂತರು. ಅಜ್ಜಿ ಮೂವರಿಗೂ ಗ್ಲಾಸಿಟ್ಟು ವೈನ್ ಸುರಿದರು. ಒಂದೂ ಕಾಲಿಗೆ ಮಹಡಿಯ ಮೇಲಿನ ಪಾತ್ರೆ ಕುದಿಯುವ ಸದ್ದು ಕೆಳಗೂ ಕೇಳಿತು. ಪಟ್ಟಿಯಲ್ಲಿ ಮೂವತ್ತೆರಡು ಎಂದು ಬರೆದು, ಅದರ ಮುಂದೆ ರೇಜಿಸ್ ಮತ್ತು ಸೊಲಾಂಜ್ ಬೊನ್ವಾಲೋ ಎಂದು ಎರಡು ಹೆಸರೂ ಬರೆದೆ. ಒಂದು ಸಾಲಿಗೆ ಒಂದೇ ಹೆಸರು ಬರೆಯುವುದು ಪದ್ಧತಿ. ಅಲ್ಸೀದ್ ಅದನ್ನು ನೋಡಿಯೂ ಸಹಿ ಹಾಕಿದರು.

ಮಾರನೆಯ ದಿನದಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅಜ್ಜಿಗೆ ಇಬ್ಬರ ಅಳತೆಗೆ ಅಡುಗೆ ಮಾಡಲು ಬರುತ್ತಿರಲಿಲ್ಲ. ಎರಡು ವಾರ ನಾಲ್ಕು ಜನರ ಗಂಜಿಯನ್ನೇ ಮಾಡಿ, ಉಳಿದದ್ದನ್ನು ಕೋಳಿಗಳಿಗೆ ಹಾಕಿ, ಕೋಳಿಗಳು ದಪ್ಪಗಾದವೆಂದು ಗಾಸ್ತೋನ್ ಕೈಯಲ್ಲಿ ಮಾತು ಕೇಳಿಸಿಕೊಂಡರು. ಮೇಲಿನಿಂದ ಬೆಳ್ಳುಳ್ಳಿ ಕರಿದ ವಾಸನೆ ಬಂದಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು. ಸೊಲಾಂಜ್ ಮೊದಲ ವಾರ ಎರಡು ಸಲ ಪಾತ್ರೆ ಸೀಯಿಸಿದಳು, ಒಂದು ಸಲ ಬ್ರೆಡ್ ತರಲು ಮರೆತಳು. ಕೆಳಗೆ ಬಂದು ಕೇಳಲು ನಾಚಿಕೆಯಾಗಿ ಇಬ್ಬರೂ ಬರೀ ಚೀಸ್ ತಿಂದು ಮಲಗಿದರಂತೆ. ಅಜ್ಜಿಗೂ ಅವಳಿಗೂ ಮಾತು ಶುರುವಾಗಿತ್ತು, ಆದರೆ ಬೇರೆ ಥರ. "ನಿನ್ನ ಒಲೆ ಬಾಗಿಲು ಸರಿಯಾಗಿ ಹಾಕು, ಗಾಳಿ ನುಗ್ಗುತ್ತೆ" ಎನ್ನುತ್ತಿದ್ದರು ಅಜ್ಜಿ. ನಿನ್ನ ಎಂಬ ಪದವನ್ನು ಅವರು ಬಳಸಲು ಕಲಿಯುತ್ತಿದ್ದರು.

ಡಿಸೆಂಬರ್ ಎರಡನೆಯ ತಾರೀಖು ಭಾನುವಾರ, ಪೂಜೆ ಬಿಟ್ಟ ಮೇಲೆ, ಊರೆಲ್ಲ ಕಚೇರಿಯಲ್ಲಿ. ಹೊಸ ಒಲೆ ಮೊದಲು ಚೀಟಿ ಎತ್ತಬೇಕು. ಇದೂ ಮರೆತುಹೋಗಿದ್ದ ಪದ್ಧತಿ; ಅಲ್ಸೀದ್ ನೆನಪಿಸಿದರು. ರೇಜಿಸ್ ಹೆಂಡತಿಯನ್ನು ಮುಂದೆ ತಳ್ಳಿದ. ಅವಳು ಟೋಪಿಯಲ್ಲಿ ಕೈಹಾಕಿ ತೆಗೆದ ನಂಬರನ್ನು ನಾನು ಓದಿದೆ. ಒಂಬತ್ತು.

ಇಡೀ ಕೋಣೆ ನಕ್ಕಿತು. ಒಂಬತ್ತು ಎಂದರೆ ಹಳ್ಳದ ಆಚೆಯ ಇಳಿಜಾರು. ಟ್ರ್ಯಾಕ್ಟರ್ ಹೋಗುವುದಿಲ್ಲ. ಕಡಿದದ್ದನ್ನು ಕೈಯಲ್ಲೇ ಮೇಲೆ ಎಳೆಯಬೇಕು. ಕಡಿತದ ಸರದಿ ಆ ಬದಿಗೆ ತಿರುಗಿದಾಗ, ಆರು ವರ್ಷಕ್ಕೊಮ್ಮೆ, ಯಾರ ಹಣೆಗೋ ಬರುತ್ತದೆ, ಬಂದವರು ಇಡೀ ಚಳಿಗಾಲ ಅದರ ಮಾತೇ ಆಡುತ್ತಾರೆ. ಗಾಸ್ತೋನ್‌ಗೆ ಬಂದದ್ದು ರಸ್ತೆ ಪಕ್ಕದ ಸಮತಟ್ಟು, ಹದಿನೇಳು. ನಾನು ಪುಸ್ತಕ ಮುಚ್ಚುವ ಮೊದಲು ಅವರು ಎದ್ದು ಬಂದು, ಚೀಟಿ ಬದಲಾಯಿಸಿಕೊಳ್ಳೋಣ, ನಮಗೆ ಇಬ್ಬರಿಗೆ ಅಷ್ಟು ಬೇಕಿಲ್ಲ ಎಂದು ಸೊಸೆಯ ಕಿವಿಯಲ್ಲಿ ಹೇಳಿದರು.

"ಬೇಡ ಮಾವ" ಎಂದಳು ಸೊಲಾಂಜ್. "ನಮ್ಮ ಚೀಟಿಗೆ ಬಂದದ್ದು ನಮಗೇ ಇರ್ಲಿ."

ಹಿಂದಿನ ಬೆಂಚಿನಿಂದ ಜೆಲೀ ಅಜ್ಜಿ, ಕೇಳಬೇಕಾದವರಿಗೆ ಕೇಳಲಿ ಎಂಬಷ್ಟು ಗಟ್ಟಿಯಾಗಿ, "ಹಟಮಾರಿ" ಎಂದರು. ಪಕ್ಕದಲ್ಲಿ ಕೂತವರು ಆಮೇಲೆ ನನಗೆ ಹೇಳಿದರು, ಅದನ್ನು ಹೇಳುವಾಗ ಅವರು ನಗುತ್ತಿದ್ದರಂತೆ.

ಮರ ಉರುಳಿಸುವ ಕೆಲಸ ಜನವರಿಯಲ್ಲಿ ಮುಗಿಯಿತು. ಸೀಳುವುದು, ಎಳೆಯುವುದು ಫೆಬ್ರವರಿ ಪೂರ್ತಿ. ಬುಧವಾರ ಶಾಲೆಗೆ ರಜೆ. ನಾನೂ ಕೈಗವಸು ಹಾಕಿಕೊಂಡು ಹೋಗುತ್ತಿದ್ದೆ. ಇಳಿಜಾರಿನಲ್ಲಿ ನಾವು ಸಾಲಾಗಿ ನಿಂತು ತುಂಡುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಕೆಳಗೆ ರೇಜಿಸ್, ಮಧ್ಯೆ ಸೊಲಾಂಜ್, ಆಮೇಲೆ ನಾನು, ಮೇಲೆ ಗಾಸ್ತೋನ್. ಸೊಲಾಂಜ್ ಅಂಗೈ ಬಿರಿದು ಬಟ್ಟೆ ಸುತ್ತಿಕೊಂಡಿದ್ದಳು. ಮೊದಲ ಅಟ್ಟಿ ಕಟ್ಟಿದಾಗ ಅವಳು ಮೀಟರ್ ಕೋಲಿನಿಂದ ಮೂರು ಸಲ ಅಳೆದಳು. ಒಂದು ಮೂಲೆ ನಾಲ್ಕು ಬೆರಳು ತಗ್ಗಿತ್ತು, ಬಿಚ್ಚಿ ಮತ್ತೆ ಕಟ್ಟಿದಳು.

ಅಂಥ ಒಂದು ಬುಧವಾರ, ಹನ್ನೊಂದರ ಹೊತ್ತಿಗೆ, ಹಳ್ಳದ ಕಾಲುಸಂಕದ ಮೇಲೆ ಕಪ್ಪು ಉಡುಪು ಕಾಣಿಸಿತು. ಜೆಲೀ ಅಜ್ಜಿ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಗಂಜಿಯ ಕ್ಯಾನು ಹಿಡಿದು ಒಂದೊಂದೇ ಹೆಜ್ಜೆ ಬರುತ್ತಿದ್ದರು. ಊರಿಂದ ಎರಡು ಕಿಲೋಮೀಟರ್ ನಡೆದಿದ್ದರು. ರೇಜಿಸ್ ಓಡಿಹೋಗಿ ಕ್ಯಾನು ಇಸಿದುಕೊಳ್ಳಲು ನೋಡಿದರೆ ಕೊಡಲಿಲ್ಲ.

ಪಾಲಿನ ಗಡಿಗೆ ಒಂದು ಓಕ್ ಮರ ಇತ್ತು, ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ಒಂಬತ್ತು ಎಂದು ಬರೆದಿತ್ತು. ಅದರ ಹತ್ತಿರ ಬಂದು ನಿಂತರು. ದಾಟಲಿಲ್ಲ. ದಮ್ಮು ಕಟ್ಟಿತ್ತು, ಸುಧಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಸುಧಾರಿಸಿಕೊಂಡ ಮೇಲೂ ಅಲ್ಲೇ ನಿಂತಿದ್ದರು, ಕಟ್ಟಿದ್ದ ಅಟ್ಟಿಗಳನ್ನು ಒಂದೊಂದಾಗಿ ನೋಡುತ್ತ.

"ಏ ಸೊಲಾಂಜ್" ಎಂದು ಕರೆದರು. ಅವಳ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಗಂಜಿ ತಂದಿದೀನಿ. ಒಳಗೆ ಬರಬಹುದಾ?"

ಸೊಲಾಂಜ್ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟಳು.

"ಬನ್ನಿ ಅಜ್ಜಿ" ಎಂದಳು. "ಆ ಕಡೆ ಜಾರುತ್ತೆ, ಈ ಕಡೆಯಿಂದ ಬನ್ನಿ."